ಮೆಳ್ಳೆಗಣ್ಣಿನ ಕುದುರೆ

ಬಿಷ್ಕೆಕ್
8 ಫೆಬ್ರವರಿ 1998

ಗೌರವದ ಅತ್ತೆಯವರಿಗೆ,

ನಾವಿಬ್ಬರೂ ಕ್ಷೇಮ. ಎಸೆನ್‌ಗೆ ಕೆಲಸದಲ್ಲಿ ರಾತ್ರಿ ಪಾಳಿ ತಪ್ಪಿದೆ, ಅಷ್ಟರ ಮಟ್ಟಿಗೆ ಸುಖ. ಮಾವನವರ ಮಂಡಿನೋವು ಹೇಗಿದೆ?

ಬಸ್ಸಿನ ಜುಮಾಶ್ ಮಾವನ ಕೈಯಲ್ಲಿ ಈ ಕಾಗದದ ಜೊತೆ ಒಂದು ಚಿಕ್ಕ ಪೊಟ್ಟಣ ಕಳಿಸಿದ್ದೇನೆ. ಅದರಲ್ಲಿ ಬಣ್ಣ, ಕುಂಚ, ಸ್ವಲ್ಪ ಹತ್ತಿ ಇವೆ. ನಮ್ಮ ಶಿಶುವಿಹಾರದಲ್ಲಿ ಚಳಿಗಾಲಕ್ಕೆಂದು ಮಕ್ಕಳಿಂದ ಒಂದು ಕೆಲಸ ಮಾಡಿಸುತ್ತಿದ್ದೇನೆ. ಕುಂದುಜ್ ಕೂಡ ಮನೆಯಲ್ಲೇ ಮಾಡಬಹುದು ಅನ್ನಿಸಿತು. ಮೊಟ್ಟೆಯ ತಲೆಯನ್ನು ಮೆಲ್ಲಗೆ ಒಡೆದು ಒಳಗಿನದನ್ನು ಬಸಿದುಕೊಳ್ಳಬೇಕು. ಚಿಪ್ಪಿನ ಮೇಲೆ ಕಣ್ಣು, ಮೂಗು, ಬಾಯಿ ಬರೆಯಬೇಕು. ಒಳಗೆ ಒದ್ದೆ ಹತ್ತಿ ಇಟ್ಟು ಗೋಧಿ ಕಾಳು ಉದುರಿಸಿ ಕಿಟಕಿಯಲ್ಲಿಟ್ಟರೆ ಕೆಲವೇ ದಿನಗಳಲ್ಲಿ ಹಸಿರು ಕೂದಲು ಬರುತ್ತದೆ. ದಿನಾ ನೀರು ಚಿಮುಕಿಸುವುದು ಅವಳದೇ ಕೆಲಸವಾಗಿರಲಿ. ಒಂದು ಜೀವವನ್ನು ನೋಡಿಕೊಳ್ಳುವುದು ಮಕ್ಕಳಿಗೆ ಹೀಗೆ ರೂಢಿಯಾಗುತ್ತದೆ.

ಚೊಚ್ಚಲ ಮಗುವನ್ನು ಪದ್ಧತಿಯಂತೆ ನಿಮ್ಮ ಮಡಿಲಿಗೆ ಹಾಕಿದೆವು, ಸಂತೋಷದಿಂದಲೇ ಹಾಕಿದೆವು. ಅವಳಿಗೆ ನಿಮ್ಮಲ್ಲಿ ಯಾವುದಕ್ಕೂ ಕಡಿಮೆಯಿಲ್ಲ ಎಂದು ಗೊತ್ತು. ಇದು ಸುಮ್ಮನೆ ಒಂದು ಆಟ ಅಷ್ಟೆ.

ನಿಮ್ಮ ಸೊಸೆ,
ಜಿಪಾರ್


ಆಟ್‌ಬಾಶಿ
1 ಮಾರ್ಚ್ 1998

ಜಿಪಾರ್,

ಪೊಟ್ಟಣ ಬಂತು. ಜುಮಾಶ್ ಅದರ ಮೇಲೆ ಕೂತಿದ್ದನೇನೋ, ಕುಂಚ ಎರಡು ತುಂಡಾಗಿತ್ತು. ನಿನ್ನ ಮಾವ ಕಡ್ಡಿ ಕಟ್ಟಿ ಸರಿ ಮಾಡಿದರು.

ಮೊಟ್ಟೆಯ ಕೆಲಸ ಆಯಿತು. ಕುಂದುಜ್ ಮೊದಲು ಕೇಳಿದ್ದು, "ಅಮ್ಮಾ, ಅತ್ತಿಗೆ ಊರಲ್ಲಿ ಮೊಟ್ಟೆ ತಿನ್ನಲ್ವಾ?" ಅಂತ. ನಾನು ಅಮ್ಮ, ನೀನು ಅತ್ತಿಗೆ, ಎಸೆನ್ ಅಣ್ಣ, ಅವಳ ಲೆಕ್ಕ ಇನ್ನೂ ಹಾಗೇ. ನಾನೇನು ಹೇಳಲಿ? ತಿನ್ನುತ್ತಾಳೆ, ಆದರೆ ಚಿಪ್ಪನ್ನೂ ಬಿಡುವುದಿಲ್ಲ ಅಂದೆ. ಚಿಪ್ಪಿನ ಮೇಲೆ ಅವಳು ನಿನ್ನ ಮಾವನ ಮೀಸೆ ಬರೆದಳು. ಗೋಧಿ ಮೊಳೆತು ಬೆರಳುದ್ದ ಬಂದ ದಿನವೇ ಕುರಿ ಕತ್ತರಿ ತಂದು ಬೋಳಿಸಿ, ಆ ಹುಲ್ಲನ್ನು ಕರುವಿಗೆ ತಿನ್ನಿಸಿದಳು. ಹುಲ್ಲು ಇರುವುದು ಮತ್ತೇತಕ್ಕೆ? ಇನ್ನೊಂದು ಸಲ ಬೆಳೆಸೋಣವೇ ಅಂದರೆ, ಹೊರಗೆ ಹಿಮ ಕರಗಿದ ಮೇಲೆ ಬೇಕಾದಷ್ಟು ಬರುತ್ತದಲ್ಲ ಅಂದಳು.

ಒಂದು ಜೀವವನ್ನು ನೋಡಿಕೊಳ್ಳುವ ರೂಢಿಗೆ ಇಲ್ಲಿ ಎರಡು ಹಸು, ಒಂದು ಕುಂಟು ಕುರಿಮರಿ, ನಿನ್ನ ಮಾವ ಇದ್ದಾರೆ.

ನೂರುಜ್ ಹಬ್ಬಕ್ಕೆ ಇಬ್ಬರೂ ಬನ್ನಿ. ಈ ಸಲ ಮೊಳಕೆ ಗೋಧಿಯ ಸುಮೊಲೊಕ್ ಪಾಯಸ ಕುದಿಸುವ ಹಂಡೆ ನಮ್ಮ ಅಂಗಳದಲ್ಲೇ ಇಡುವುದು. ಸರದಿಯಲ್ಲಿ ಸೌಟು ತಿರುಗಿಸಲು ಕೈ ಸಾಲದು. ನೀನು ಬಂದು ಮೂರು ವರ್ಷವಾಯಿತು.

ಕಾಲಿಪಾ


ಬಿಷ್ಕೆಕ್
12 ಮಾರ್ಚ್ 1998

ಗೌರವದ ಅತ್ತೆಯವರಿಗೆ,

ಕಾಗದ ಓದಿ ಎಸೆನ್ ಬಹಳ ನಕ್ಕ. ಕುಂದುಜ್ ಅಷ್ಟು ಬೇಗ ಕೈಬಿಟ್ಟದ್ದು ಸ್ವಲ್ಪ ಬೇಸರವಾಯಿತು. ಈ ವಯಸ್ಸಿನಲ್ಲಿ ಹಿಡಿದ ಕೆಲಸವನ್ನು ಕೊನೆಯವರೆಗೂ ಮಾಡುವುದನ್ನು ಕಲಿಯದಿದ್ದರೆ ಶಾಲೆಯಲ್ಲಿ ಕಷ್ಟವಾಗುತ್ತದೆ. ಈ ಸೆಪ್ಟೆಂಬರಿಗೆ ಅವಳು ಒಂದನೇ ತರಗತಿ ಅಲ್ಲವೇ?

ಈ ಸಲ ಹಕ್ಕಿಗಳಿಗೆ ಕಾಳಿಡುವ ಗೂಡು. ಹಲಗೆ ಇಲ್ಲದಿದ್ದರೆ ಹಳೆಯ ಡಬ್ಬವಾದರೂ ಆದೀತು. ಪಕ್ಕದಲ್ಲಿ ಕಿಟಕಿಯಂತೆ ಕತ್ತರಿಸಿ, ಮಾವನವರ ಹೆಸರಿನ ಆ ಗಟ್ಟಿ ವಸ್ತುವಿನ ತಂತಿಯಿಂದ ಮರಕ್ಕೆ ನೇತುಹಾಕಬೇಕು. ಯಾವ ಯಾವ ಹಕ್ಕಿ ಬಂತು ಎಂದು ಅವಳು ಚಿತ್ರ ಬರೆಯಲಿ. ದಯವಿಟ್ಟು ನೀವು ಕೈ ಹಾಕಬೇಡಿ. ಎಷ್ಟೇ ಸೊಟ್ಟಗಾದರೂ ಅವಳ ಕೈಯದೇ ಆಗಿರಲಿ.

ನೂರುಜ್‌ಗೆ ಬರಲಾಗುವುದಿಲ್ಲ. ಶಿಶುವಿಹಾರದ ಮಕ್ಕಳ ಕುಣಿತವಿದೆ, ಅವರ ಟೋಪಿಗಳೆಲ್ಲ ನನ್ನ ತಲೆಯ ಮೇಲೆಯೇ ಬಿದ್ದಿವೆ. ಎಸೆನ್‌ನನ್ನು ಒಬ್ಬನೇ ಕಳಿಸಲು ನೋಡುತ್ತೇನೆ.

ನಿಮ್ಮ ಸೊಸೆ,
ಜಿಪಾರ್


ಆಟ್‌ಬಾಶಿ
5 ಏಪ್ರಿಲ್ 1998

ಜಿಪಾರ್,

ನಿನ್ನ ಮಾವನ ಹೆಸರು ಕಬ್ಬಿಣ ಅಂತ ಅರ್ಥ ಬರುವುದಕ್ಕೆ, ಕಬ್ಬಿಣದ ತಂತಿಯನ್ನು 'ಆ ಗಟ್ಟಿ ವಸ್ತು' ಅಂತ ಬರೆದಿದ್ದೀಯ. ಮಾವನ ಹೆಸರು ಬಾಯಲ್ಲಿ ಬರಬಾರದು, ಸರಿ. ಕಾಗದದಲ್ಲೂ ಅಷ್ಟು ನೇಮ ಮಾಡುವ ಸೊಸೆ ಈಗ ಎಲ್ಲಿ ಸಿಗುತ್ತಾಳೆ ಅಂತ ಅವರು ಎರಡು ದಿನ ಎದೆಯುಬ್ಬಿಸಿಕೊಂಡು ಓಡಾಡಿದರು.

ಗೂಡು ಆಯಿತು. ಕುಂದುಜ್ ಮಾಡಿದಳು. ಬಂದದ್ದೆಲ್ಲ ಮ್ಯಾಗ್‌ಪೈ ಕಳ್ಳಹಕ್ಕಿಗಳೇ. ಚಿತ್ರ ಬರೆದ ಹಾಳೆ ಇದರ ಜೊತೆ ಇದೆ. ಅವಳೇ ಬರೆದದ್ದು, ಹಿಡಿದ ಕೆಲಸ ಬಿಡದೆ ಮಾಡಿದಳು. ಶಾಲೆಯ ವಿಷಯ ನೀನು ಚಿಂತೆ ಮಾಡಬೇಡ. ಇಲ್ಲಿಯ ಶಾಲೆಯಲ್ಲೂ ಹಲಗೆ, ಸೀಮೆಸುಣ್ಣ, ಬೈಯುವ ಮೇಡಂ ಎಲ್ಲ ಇದ್ದಾರೆ. ಎಸೆನ್ ಅಲ್ಲೇ ಓದಿದ್ದು.

ಎಸೆನ್ ಹಬ್ಬಕ್ಕೆ ಬಂದು ಒಂದೇ ರಾತ್ರಿ ಇದ್ದು ಹೋದ. ಕುಂದುಜ್ ಅವನ ಹೆಗಲೇರಿ "ಅಣ್ಣ, ಅತ್ತಿಗೆ ಯಾಕೆ ಬರಲಿಲ್ಲ?" ಅಂತ ಕೇಳಿದಾಗ ಅವನು ಟೋಪಿ ಕತೆ ಹೇಳಿದ. ನಿನ್ನ ಪಾಲಿನ ಸುಮೊಲೊಕ್ ಒಂದು ಬಟ್ಟಲು ತೆಗೆದಿಟ್ಟಿದ್ದೆ. ಹುಳಿ ಬಂತು, ನಾಯಿಗೆ ಹಾಕಿದೆ.

ಕಾಲಿಪಾ


ಬಿಷ್ಕೆಕ್
20 ಏಪ್ರಿಲ್ 1998

ಗೌರವದ ಅತ್ತೆಯವರಿಗೆ,

ಹಕ್ಕಿಯ ಚಿತ್ರ ಸಿಕ್ಕಿತು. ಬಾಲದ ಗರಿಗಳನ್ನು ಎಷ್ಟು ಸರಿಯಾಗಿ ನೋಡಿ ಬರೆದಿದ್ದಾಳೆ. ನನಗೆ ಬಹಳ ಸಂತೋಷವಾಯಿತು ಎಂದು ಅವಳಿಗೆ ಹೇಳಿ.

ಈಗ ಸ್ವಲ್ಪ ದೊಡ್ಡ ಕೆಲಸ. ಉಣ್ಣೆಯ ಕುದುರೆ. ಹಿಂಜಿದ ಉಣ್ಣೆಯನ್ನು ತೆಳ್ಳಗೆ ಹರಡಿ, ಸೋಪಿನ ನೀರು ಚಿಮುಕಿಸಿ, ಚಾಪೆಯಲ್ಲಿ ಸುತ್ತಿ ಉರುಳಿಸಬೇಕು. ನೀರು ಬಿಸಿಯಾಗಿರಬೇಕು, ತಣ್ಣೀರಿನಲ್ಲಿ ಉಣ್ಣೆ ಹಿಡಿಯುವುದಿಲ್ಲ. ಗಟ್ಟಿಯಾದ ಮೇಲೆ ಕುದುರೆಯ ಆಕಾರದಲ್ಲಿ ಎರಡು ತುಂಡು ಕತ್ತರಿಸಿ ಅಂಚು ಹೊಲಿದು, ಒಳಗೆ ಉಳಿದ ಉಣ್ಣೆ ತುಂಬಬೇಕು. ಸೂಜಿ ಕೊಡಲು ಹೆದರಬೇಡಿ. ಮಕ್ಕಳು ಒಂದೆರಡು ಸಲ ಚುಚ್ಚಿಸಿಕೊಂಡೇ ಕಲಿಯುವುದು. ಆದ ಮೇಲೆ ಕಳಿಸಿಕೊಡುತ್ತೀರಾ? ನೋಡುವ ಆಸೆ.

ನಿಮ್ಮ ಸೊಸೆ,
ಜಿಪಾರ್


ಆಟ್‌ಬಾಶಿ
10 ಮೇ 1998

ಜಿಪಾರ್,

ಉಣ್ಣೆಗೆ ಬಿಸಿನೀರು ಹಾಕಬೇಕು ಅಂತ ಕೆಳಗೆ ಗೆರೆ ಎಳೆದು ನನಗೆ ಬರೆದಿದ್ದೀಯ. ನಿನ್ನ ಮಾವನಿಗೆ ಓದಿ ಹೇಳಿದೆ. "ಪಾಪ, ನಿನ್ಗೆ ಗೊತ್ತಿರ್ಲಿಲ್ಲ ಬಿಡು, ಇಷ್ಟ್ ವರ್ಷ ತಣ್ಣೀರಲ್ಲೇ ಒತ್ತಿದೀಯ" ಅಂದರು.

ಕುದುರೆ ಕಳಿಸಿದ್ದೇನೆ. ಕುಂದುಜ್ ಮಾಡಿದ್ದು. ಎಲ್ಲ ಅವಳೇ. ಒಂದು ಕಣ್ಣು ಮೆಳ್ಳೆಯಾಗಿದೆ, ಮಗುವಿನ ಕೈ ತಾನೆ.

ತಿಂಗಳ ಕೊನೆಗೆ ದನಕರು ಹೊಡೆದುಕೊಂಡು ಮೇಲಿನ ಹುಲ್ಲುಗಾವಲಿಗೆ ಹೋಗುತ್ತೇವೆ. ಕಾಗದ ತಡವಾಗಿ ಸಿಗುತ್ತದೆ. ಜೂನ್‌ನಲ್ಲಿ ಮರಿಗಳನ್ನು ಕಟ್ಟಿ ಕುದುರೆ ಹಾಲು ಕರೆಯಲು ಶುರು ಮಾಡುವ ದಿನ ಮೊದಲ ಕುಮಿಸ್ ಕುಡಿಯಲು ಬಾ. ಆಗ ಶಿಶುವಿಹಾರಕ್ಕೆ ರಜೆ ಅಲ್ಲವೇ?

ಕಾಲಿಪಾ


ಬಿಷ್ಕೆಕ್
25 ಮೇ 1998

ಗೌರವದ ಅತ್ತೆಯವರಿಗೆ,

ಕುದುರೆ ಬಂದು ಅಡುಗೆಮನೆಯ ಕಿಟಕಿಯಲ್ಲಿ ನಿಂತಿದೆ. ಹೊಲಿಗೆ ಬಹಳ ಒಪ್ಪವಾಗಿದೆ. ಶಿಶುವಿಹಾರಕ್ಕೆ ತೆಗೆದುಕೊಂಡು ಹೋಗಿ ತೋರಿಸಿದೆ, ಜೊತೆಯವರು ನಂಬಲಿಲ್ಲ.

ಮುಂದಿನದು ಬಟ್ಟೆ ಚೂರುಗಳ ಕುರಾಕ್. ಮುಮ್ಮೂಲೆಯ ಚೂರುಗಳನ್ನು ಅವಳೇ ಆರಿಸಿ ಜೋಡಿಸಲಿ, ಬಣ್ಣ ಅವಳಿಗೆ ಇಷ್ಟವಾದದ್ದು. ಒಂದು ದಿಂಬಿನಷ್ಟು ಅಗಲವಾದರೆ ಸಾಕು. ಜೊತೆಗೆ ಹುಲ್ಲುಗಾವಲಿನ ಹೂವುಗಳನ್ನು ಪುಸ್ತಕದಲ್ಲಿ ಒತ್ತಿ ಒಣಗಿಸಿದರೆ ಒಳ್ಳೆಯದು. ಎರಡನ್ನೂ ಜೂನ್ ಮುಗಿಯುವುದರೊಳಗೆ ಕಳಿಸಿ. ಒಂದು ಕಾರಣವಿದೆ, ಆಮೇಲೆ ಹೇಳುತ್ತೇನೆ.

ಕುಮಿಸ್‌ಗೆ ಬರಲಾಗುವುದಿಲ್ಲ. ಬೇಸಿಗೆಗೆ ಶಿಶುವಿಹಾರದ ಗೋಡೆಗಳಿಗೆ ನಾವೇ ಬಣ್ಣ ಬಳಿಯಬೇಕು.

ನಿಮ್ಮ ಸೊಸೆ,
ಜಿಪಾರ್


ಮೇಲಿನ ಹುಲ್ಲುಗಾವಲು
20 ಜೂನ್ 1998

ಜಿಪಾರ್,

ಕುರಾಕ್, ಹೂವು ಎರಡೂ ಈ ಗಂಟಿನಲ್ಲಿವೆ. ಹೂವು ಒತ್ತಲು ಇಲ್ಲಿ ಪುಸ್ತಕವಿರಲಿಲ್ಲ. ಕುಂದುಜ್ ತಡಿಯ ಕೆಳಗಿಟ್ಟು, ಅದರ ಮೇಲೆ ಕೂತು ದಿನವೆಲ್ಲ ಸವಾರಿ ಮಾಡಿದಳು. ಅದಕ್ಕೇ ಕುದುರೆ ಬೆವರಿನ ವಾಸನೆ ಇದೆ.

ಹುಡುಗಿ ಉದ್ದ ಬಂದಿದ್ದಾಳೆ. ಹೋದ ವರ್ಷದ ಕೋಟಿನ ತೋಳು ಮೊಣಕೈಗೆ ಬರುತ್ತದೆ. ಮರಿಗಳ ಜೊತೆಗೇ ಏಳುತ್ತಾಳೆ, ಅವುಗಳ ಜೊತೆಗೇ ಮಲಗುತ್ತಾಳೆ. ಗುಡಾರದೊಳಗೆ ಹಿಡಿದು ಕೂರಿಸುವುದೇ ಕಷ್ಟ.

ಏನು ಕಾರಣ?

ಕಾಲಿಪಾ


ಬಿಷ್ಕೆಕ್
4 ಜುಲೈ 1998

ಗೌರವದ ಅತ್ತೆಯವರಿಗೆ,

ಒಳ್ಳೆಯ ಸುದ್ದಿ. ಇಲ್ಲಿ ಮಕ್ಕಳಿಗೆ ಓದಿನ ಜೊತೆ ಕೈಕೆಲಸ, ಚಿತ್ರ ಕಲಿಸುವ ಒಂದು ಶಾಲೆ ಇದೆ. ಒಂದನೇ ತರಗತಿಯಿಂದಲೇ ಸೇರಿಸಿಕೊಳ್ಳುತ್ತಾರೆ. ಕುಂದುಜ್‌ಳ ಚಿತ್ರ, ಕುದುರೆ, ಕುರಾಕ್ ಮೂರನ್ನೂ ಅವರಿಗೆ ತೋರಿಸಿದ್ದೆ. ಆರು ವರ್ಷದ ಮಗು ಹೀಗೆ ಮಾಡುವುದನ್ನು ನೋಡಿಯೇ ಇಲ್ಲ ಎಂದರು. ಆಗಸ್ಟ್ ಹದಿನೆಂಟಕ್ಕೆ ಮಗುವನ್ನು ಎದುರಿಗೆ ಕೂರಿಸಿ ಏನಾದರೂ ಮಾಡಿಸಿ ನೋಡುತ್ತಾರೆ, ಅಷ್ಟೇ ಬಾಕಿ. ಅವಳು ನಮ್ಮ ಮನೆಯಲ್ಲೇ ಇದ್ದು ಓದಬಹುದು. ರಜೆಗೆಲ್ಲ ಊರಿಗೆ ಬರುತ್ತಾಳೆ.

ಇದು ನಾನು ಕೇಳುತ್ತಿರುವುದಲ್ಲ, ಅತ್ತೆ. ಶಾಲೆಯವರೇ ಕೇಳುತ್ತಿದ್ದಾರೆ. ಮಗುವಿನ ಕೈಯಲ್ಲಿರುವುದನ್ನು ಹಾಳು ಮಾಡಬಾರದಲ್ಲ. ಎಸೆನ್‌ಗೂ ಒಪ್ಪಿಗೆ ಇದೆ.

ನಿಮ್ಮ ಸೊಸೆ,
ಜಿಪಾರ್


ಮೇಲಿನ ಹುಲ್ಲುಗಾವಲು
19 ಜುಲೈ 1998

ಜಿಪಾರ್,

ನಿನ್ನ ಕಾಗದ ಬಂದು ವಾರವಾಯಿತು. ನಿನ್ನ ಮಾವನಿಗೆ ಓದಿ ಹೇಳಲಿಲ್ಲ. ಮೊದಲು ನಿನಗೇ ಬರೆದುಬಿಡುತ್ತೇನೆ.

ಮೊಟ್ಟೆ ಒಂದು ಬಿಟ್ಟು ಬೇರೆ ಯಾವುದನ್ನೂ ಕುಂದುಜ್ ಮಾಡಿಲ್ಲ. ಹಕ್ಕಿಗೂಡು ನಿನ್ನ ಮಾವ ಮಾಡಿದ್ದು. ಚಿತ್ರ ನಾನು ಬರೆದದ್ದು. ಕುದುರೆ, ಕುರಾಕ್ ನನ್ನವು. ಹೂವು ಕಿತ್ತವಳೂ ನಾನೇ. ತಡಿಯ ಮೇಲೆ ಕೂತದ್ದು ಮಾತ್ರ ಅವಳು.

ಅವಳನ್ನು ಕೂರಿಸಲಿಲ್ಲ ಅಂತಲ್ಲ. ಕೂರುತ್ತಾಳೆ, ನಾಲ್ಕು ಹೊಲಿಗೆ ಹಾಕುತ್ತಾಳೆ, ಹೊರಗೆ ಕುದುರೆ ಕೆನೆದರೆ ಎದ್ದು ಓಡುತ್ತಾಳೆ. ಅದನ್ನು ಹಾಗೇ ಬರೆದಿದ್ದರೆ ನೀನು ಏನು ಅಂದುಕೊಳ್ಳುತ್ತಿದ್ದೆ? ಮೊಟ್ಟೆಯ ವಿಷಯ ನಿಜ ಬರೆದದ್ದಕ್ಕೇ 'ಶಾಲೆಯಲ್ಲಿ ಕಷ್ಟವಾಗುತ್ತದೆ' ಅಂದೆ. ನೀನು ಕಳಿಸುವ ಒಂದೊಂದು ಕಾಗದವೂ ನನಗೆ ತನಿಖೆಗೆ ಬಂದವರ ಹಾಗೆ ಕಂಡಿತು. ಅಜ್ಜಿ ಮಗುವನ್ನು ಬೆಳೆಸುತ್ತಿದ್ದಾಳೋ, ದನದ ಹಿಂದೆ ಬಿಟ್ಟಿದ್ದಾಳೋ ಅಂತ ನೋಡುವುದಕ್ಕೆ. ತಪ್ಪು ಸಿಕ್ಕರೆ ಬಂದು ಕರೆದುಕೊಂಡು ಹೋಗುತ್ತೀಯ ಅಂತ ಭಯವಾಯಿತು. ಅದಕ್ಕೆ ತಪ್ಪೇ ಸಿಗದ ಹಾಗೆ ಹೊಲಿದೆ. ಈಗ ನೋಡಿದರೆ ಚೆನ್ನಾಗಿ ಹೊಲಿದದ್ದಕ್ಕೇ ಕರೆದುಕೊಂಡು ಹೋಗುತ್ತೀಯ. ನನ್ನ ಕಾಲಿಗೆ ನಾನೇ ಹಗ್ಗ ಕಟ್ಟಿಕೊಂಡೆ.

ಶಾಲೆಯವರಿಗೆ ನಿಜ ಹೇಳಿಬಿಡು. ಬೇಕಾದರೆ ನನ್ನನ್ನು ಒಂದನೇ ತರಗತಿಗೆ ಸೇರಿಸಿಕೊಳ್ಳಲಿ.

ಅವಳನ್ನು ಬಿಟ್ಟು ಇರಲು ನನಗೆ ಆಗುವುದಿಲ್ಲ, ಜಿಪಾರ್. ಇದನ್ನು ಬೇರೆ ಥರ ಹೇಳಲು ಬರುವುದಿಲ್ಲ.

ಕಾಲಿಪಾ


ಬಿಷ್ಕೆಕ್
28 ಜುಲೈ 1998

ಅತ್ತೆಯವರಿಗೆ,

ನನಗೆ ಗೊತ್ತಿತ್ತು.

ನನ್ನ ಮದುವೆಗೆ ನೀವು ಹೊಲಿದುಕೊಟ್ಟ ಹಾಸಿಗೆಯ ಅಂಚಿನಲ್ಲಿರುವುದೂ ಕುದುರೆಯ ಹೊಟ್ಟೆಯ ಮೇಲಿರುವುದೂ ಒಂದೇ ಹೊಲಿಗೆ. ದಿನಾ ಅದರ ಮೇಲೇ ಮಲಗುವವಳಿಗೆ ಗೊತ್ತಾಗುವುದಿಲ್ಲವೇ? ಮಗು ಮಾಡಿದ್ದೆಂದು ಕಾಣಲಿ ಅಂತ ಒಂದು ಕಣ್ಣನ್ನು ಮೆಳ್ಳೆ ಮಾಡಿದ್ದೀರಿ. ಮಕ್ಕಳು ಆ ತಪ್ಪು ಮಾಡುವುದಿಲ್ಲ. ಅವರು ಕಣ್ಣುಗಳನ್ನು ಮುಖದ ತುಂಬ ದೊಡ್ಡದಾಗಿ ಮಾಡುತ್ತಾರೆ. ನನ್ನ ಕೆಲಸವೇ ಅದು, ದಿನಾ ನೋಡುತ್ತೇನೆ.

ಗೊತ್ತಿದ್ದೂ ಕುರಾಕ್ ಕೇಳಿದೆ. ಗೊತ್ತಿದ್ದೇ ಶಾಲೆಗೆ ತೋರಿಸಿದೆ. ಸೊಸೆ ಅತ್ತೆಯ ಮುಂದೆ ನಿಂತು ಮಗುವನ್ನು ವಾಪಸು ಕೊಡಿ ಎಂದು ಕೇಳುವ ಹಾಗಿಲ್ಲ. ಶಾಲೆ ಕೇಳಬಹುದು. ನಾನು ಮೋಸ ಮಾಡಿದೆ, ನೀವೂ ಮಾಡಿದಿರಿ. ಇಬ್ಬರದೂ ಒಂದೇ ಕಾರಣಕ್ಕೆ.

ಕೊಡುವ ದಿನ ನೀವು ಹೇಳಿದ್ದು ನನಗೆ ನೆನಪಿದೆ. ಚೊಚ್ಚಲದ್ದು ನಮಗೆ, ಉಳಿದವೆಲ್ಲ ನಿಮಗೆ ಅಂದಿರಿ. ಉಳಿದವು ಬರಲಿಲ್ಲ, ಅತ್ತೆ. ಎರಡು ಸಲ ನಿಂತಿತು, ಎರಡು ಸಲವೂ ಹೋಯಿತು. ನಿಮಗೆ ತಿಳಿಸಲಿಲ್ಲ. ಇನ್ನು ಆಗುವುದಿಲ್ಲ ಎಂದು ವೈದ್ಯರು ಹೇಳಿದ್ದಾರೆ. ಎಲ್ಲರ ಮಕ್ಕಳ ಮೂಗು ಒರೆಸಿ, ಎಲ್ಲರ ಮಕ್ಕಳಿಗೂ ಟೋಪಿ ಹೊಲಿದು ಸಂಜೆ ಖಾಲಿ ಮನೆಗೆ ಬರುತ್ತೇನೆ. ನನಗೆ ನನ್ನ ಮಗಳು ಬೇಕು.

ನನ್ನನ್ನು ಹೆಚ್ಚು ಸುಡುವುದು ಒಂದೇ. ಅವಳಿಗೆ ನೀವು ನಿಜ ಹೇಳಿಲ್ಲ. ಹೆತ್ತವಳು ಯಾರೆಂದೇ ಗೊತ್ತಿಲ್ಲದೆ ಅವಳು ಬೆಳೆಯುತ್ತಿದ್ದಾಳೆ. ಮೂರು ವರ್ಷದ ಹಿಂದೆ ಬಂದಾಗ ನಿಮ್ಮ ಲಂಗದ ಹಿಂದೆ ಅಡಗಿ "ಅತ್ತಿಗೆ ಯಾವಾಗ ಹೋಗ್ತಾಳೆ?" ಎಂದು ಕೇಳಿದಳು. ಆಮೇಲೆ ನನಗೆ ಅಲ್ಲಿಗೆ ಬರಲು ಕಾಲೇ ಏಳಲಿಲ್ಲ.

ಅವಳನ್ನು ಹದಿನೆಂಟಕ್ಕೆ ಕಳಿಸಿಕೊಡಿ. ಪರೀಕ್ಷೆ ಹೇಗಾದರೂ ಆಗಲಿ. ಕಳಿಸಿಕೊಡಿ.

ಜಿಪಾರ್


ಮೇಲಿನ ಹುಲ್ಲುಗಾವಲು
9 ಆಗಸ್ಟ್ 1998

ಜಿಪಾರ್,

ಶುಕ್ರವಾರದ ಬಸ್ಸಿಗೆ ನಿನ್ನ ಮಾವನ ಜೊತೆ ಬರುತ್ತಾಳೆ. ಅವರು ಬಿಟ್ಟು ಮರುದಿನ ವಾಪಸಾಗುತ್ತಾರೆ. ಕಣಿವೆ ದಾಟುವಾಗ ಅವಳಿಗೆ ವಾಂತಿಯಾಗುತ್ತದೆ, ಬಂದ ಕೂಡಲೇ ಏನೂ ತಿನ್ನಿಸಬೇಡ. ಒಣ ಮೊಸರುಂಡೆ ಕಟ್ಟಿಕೊಟ್ಟಿದ್ದೇನೆ, ಅದನ್ನು ಚೀಪಲಿ. ರಾತ್ರಿ ಹೊದಿಕೆ ಒದೆಯುತ್ತಾಳೆ.

ನೀನು ಕಳೆದುಕೊಂಡ ಎರಡರ ವಿಷಯ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ನಾನೇ ಬರುತ್ತಿದ್ದೆ.

ಕಾಲಿಪಾ


ಬಿಷ್ಕೆಕ್
22 ಆಗಸ್ಟ್ 1998

ಅತ್ತೆಯವರಿಗೆ,

ಪರೀಕ್ಷೆ ಮುಗಿಯಿತು. ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ದೊಡ್ಡ ಮೇಜಿನ ಮುಂದೆ ಕೂರಿಸಿ ಉಣ್ಣೆ, ಬಟ್ಟೆ ಚೂರು, ಜೇಡಿಮಣ್ಣು, ಬಣ್ಣ ಎಲ್ಲ ಇಟ್ಟರು. ನಿನಗೆ ಇಷ್ಟವಾದದ್ದು ಮಾಡು ಅಂದರು. ಕುಂದುಜ್ ಎರಡೂ ಕೈಯನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಳು. ಒಬ್ಬ ಮೇಡಂ ಕುದುರೆಯನ್ನು ತೋರಿಸಿ, ಇದನ್ನು ಮಾಡಿದ್ದು ಹೇಗೆ ಎಂದು ಕೇಳಿದರು.

"ಅದು ನಮ್ಮಮ್ಮ ಮಾಡಿದ್ದು. ನಾನು ದಾರ ಹಿಡ್ಕೊಂಡಿದ್ದೆ" ಅಂದಳು.

ಎಲ್ಲರೂ ನನ್ನ ಕಡೆ ತಿರುಗಿದರು. ಅಮ್ಮ ಅಂದರೆ ನಾನೇ ಎಂದುಕೊಂಡರು. ತಾಯಂದಿರು ಮಕ್ಕಳ ಹೆಸರಿನಲ್ಲಿ ಹೀಗೆಲ್ಲ ಮಾಡಬಾರದು ಎಂದು ಒಬ್ಬರು ಮೆತ್ತಗೆ ಬುದ್ಧಿ ಹೇಳಿದರು. ನಾನು ತಲೆಯಾಡಿಸಿದೆ. ನಿಮಗೆ ಬರಬೇಕಿದ್ದ ಬೈಗುಳವನ್ನು ನಾನು ತಿಂದೆ, ಇರಲಿ. ಈ ವರ್ಷ ಆಗುವುದಿಲ್ಲ ಅಂದರು.

ಮನೆಗೆ ಬಂದೆವು. ಅವಳು ಬ್ರೆಡ್ಡಿನ ಮೇಲೆ ಜಾಮ್ ಹಚ್ಚಿಕೊಂಡು ತಿನ್ನುತ್ತಿದ್ದಳು. ಎಸೆನ್ ಇರಲಿಲ್ಲ. ಮೂರು ವರ್ಷದಿಂದ ಒಳಗೇ ಇಟ್ಟುಕೊಂಡದ್ದನ್ನು ಹೇಳಿಬಿಟ್ಟೆ. "ಕುಂದುಜ್, ನಿನ್ನನ್ನ ಹೆತ್ತವಳು ನಾನು" ಅಂದೆ.

"ಗೊತ್ತು" ಅಂದಳು. "ಅಮ್ಮ ಯಾವಾಗ್ಲೋ ಹೇಳಿದಾಳೆ. ನಿನ್ ಫೋಟೋ ತೋರ್ಸಿ ಎಲ್ಲಾರ್ಗೂ ಹೇಳ್ತಾಳೆ."

ಅವಳು ಜಾಮಿನ ಬೆರಳು ಚೀಪಿ ಮುಗಿಸಿ ಕೇಳಿದಳು.

"ಮತ್ತೆ ನೀನ್ಯಾಕೆ ಬರ್ಲಿಲ್ಲ ಅತ್ತಿಗೆ? ಬರೀ ಕಾಗ್ದ ಕಳಿಸ್ತಿದ್ದೆ."

ನೂರುಜ್‌ಗೆ ಕರೆದಿರಿ, ಕುಮಿಸ್‌ಗೆ ಕರೆದಿರಿ. ಟೋಪಿ, ಗೋಡೆ, ಏನೇನೋ ಬರೆದೆ. ಮೊಟ್ಟೆಗೆ ನೀರು ಚಿಮುಕಿಸುವುದನ್ನು ಅಷ್ಟು ದೂರದಿಂದ ಕಲಿಸುವ ಬದಲು ಬಸ್ಸು ಹತ್ತಿ ಬಂದು ಅವಳ ಪಕ್ಕದಲ್ಲಿ ಕೂರಬಹುದಿತ್ತು. ಕೂತಿದ್ದರೆ ಅವಳು ಎದ್ದು ಓಡುತ್ತಿದ್ದಳೇನೋ. ನಾನೂ ಹಿಂದೆ ಓಡಬಹುದಿತ್ತು. ನೀವು ಅವಳಿಗೆ ಹೇಳಿಲ್ಲ ಎಂದು ಬರೆದೆನಲ್ಲ, ಅದಕ್ಕೆ ನೀವು ಒಂದು ಮಾತೂ ಎದುರು ಬರೆಯಲಿಲ್ಲ. ಬರೆದಿದ್ದರೂ ನಂಬುತ್ತಿರಲಿಲ್ಲ. ಆ ರಾತ್ರಿ ಬಹಳ ಅತ್ತೆ. ಅವಳು ಹೊದಿಕೆ ಒದ್ದಾಗಲೆಲ್ಲ ಎದ್ದು ಹೊದಿಸಿದೆ.

ಕುಂದುಜ್ ಆಟ್‌ಬಾಶಿಯ ಶಾಲೆಗೇ ಹೋಗಲಿ. ಅವಳನ್ನು ಬೇಕು ಅನ್ನುವುದನ್ನು ನಾನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಆದರೆ ಇನ್ನು ಕಾಗದದಲ್ಲಿ ಕೇಳುವುದಿಲ್ಲ. ಶಿಶುವಿಹಾರಕ್ಕೆ ರಜೆ ಹಾಕಿದ್ದೇನೆ. ಮುಂದಿನ ಶನಿವಾರದ ಬಸ್ಸಿಗೆ ಅವಳನ್ನು ಕರೆದುಕೊಂಡು ನಾನೇ ಬರುತ್ತೇನೆ. ನನ್ನ ಹಾಸಿಗೆಯನ್ನು ನೆಂಟರ ಕಡೆ ಹಾಕಬೇಡಿ, ಅವಳ ಪಕ್ಕದಲ್ಲಿ ಹಾಕಿ. ಸೆಪ್ಟೆಂಬರ್ ಒಂದಕ್ಕೆ ಅವಳ ಜಡೆಗೆ ಬಿಳಿ ರಿಬ್ಬನ್ ಕಟ್ಟಿ ನೀವೊಂದು ಕೈ, ನಾನೊಂದು ಕೈ ಹಿಡಿದು ಶಾಲೆಗೆ ಬಿಡೋಣ. ಬಾಗಿಲಲ್ಲಿ ಯಾರಾದರೂ ನನ್ನನ್ನು ತೋರಿಸಿ ಇವಳ್ಯಾರು ಎಂದು ಕೇಳಿದರೆ ಕುಂದುಜ್ ತನಗೆ ತೋಚಿದ್ದನ್ನು ಹೇಳಲಿ. ನಾನು ಪಕ್ಕದಲ್ಲೇ ನಿಂತಿರುತ್ತೇನೆ.

ಜಿಪಾರ್